ಸುಲ್ತಾನ್ ಬಜಾರಿನ ಧರ್ಮಾರ್ಥ ದವಾಖಾನೆ ಮತ್ತು ನಾವು

(ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೊರನಾಡ ಕನ್ನಡಿಗರ ಸಾಂಸ್ಕೃತಿಕ ಅಸ್ಮಿತೆಯನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕೇಳಿದ್ದರು. ಆ ವಿಷಯದ ಮೇಲೆ ಇದೇ ವೇದಿಕೆಯಿಂದ ನಾನು ಈಗಾಗಲೇ ಎರಡು ಸಲ ಮಾತನಾಡಿದ್ದೇನೆ. ಆಗ ಕೇಳಿದವರಲ್ಲಿ ಹಲವರು ಈಗಲೂ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೆ ಮೂರನೆಯ ಸಲದ ಶಿಕ್ಷೆ ಬೇಡ. ಇವತ್ತು ನಾನು ರಕ್ತದೊತ್ತಡದ ಗುಳಿಗೆಯ ಬಗ್ಗೆ, ಅದನ್ನು ಬಡವರ ಕೈಗೆ ಮುಟ್ಟಿಸುವ ಧರ್ಮಾರ್ಥ ದವಾಖಾನೆಗಳ ಬಗ್ಗೆ ಮಾತನಾಡುತ್ತೇನೆ. ನಾನು ವೈದ್ಯನಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿ ಕೇಂದ್ರ ಸರ್ಕಾರದ ನೌಕರಿ ಸೇರಿದವನು. ಕಡತ, ಟಿಪ್ಪಣಿ, ಸಹಿ ಇವಿಷ್ಟೇ ನನ್ನ ಪ್ರಪಂಚ. ಆ ಸಹಿಯ ಮಾತು ಮುಂದೆ ಬರುತ್ತದೆ.

ನಾವು ಸೇರಿರುವ ಈ ಜಾಗಕ್ಕೂ ವೈದ್ಯಕೀಯಕ್ಕೂ ಹಳೆಯ ನಂಟಿದೆ. ಬ್ರಿಟಿಷ್ ರೆಸಿಡೆನ್ಸಿಯ ಆಶ್ರಯದಲ್ಲಿ ಬೆಳೆದ ಈ ಪೇಟೆಗೆ ರೆಸಿಡೆನ್ಸಿ ಬಜಾರ್ ಎಂದೇ ಹೆಸರಿತ್ತು. 1933ರಲ್ಲಿ ಇದು ನಿಜಾಮರ ಆಡಳಿತಕ್ಕೆ ಮರಳಿದ ಮೇಲೆ ಸುಲ್ತಾನ್ ಬಜಾರ್ ಆಯಿತು. ರೆಸಿಡೆನ್ಸಿಯ ಸರ್ಜನ್ ಆಗಿದ್ದ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ಕ್ಲೋರೋಫಾರಂ ಕುರಿತ ಎರಡು ಆಯೋಗಗಳನ್ನು ಇದೇ ಊರಿನಲ್ಲಿ ನಡೆಸಿ ಲಂಡನ್ನಿನ ವೈದ್ಯಲೋಕವನ್ನೇ ಚರ್ಚೆಗೆಳೆದರು. ಅವರ ಬಳಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರು; ಇಂದು ಸುಲ್ತಾನ್ ಬಜಾರ್ ಆಸ್ಪತ್ರೆ ಎಂದು ಕರೆಯುವ ರೆಸಿಡೆನ್ಸಿ ಆಸ್ಪತ್ರೆಯಲ್ಲಿ ದುಡಿದವರು. ಈಗಲೂ ಕೋಠಿಯ ಸುತ್ತ ತಿರುಗಾಡಿದರೆ ಹೆರಿಗೆ ಆಸ್ಪತ್ರೆ, ಕಿವಿ-ಮೂಗು-ಗಂಟಲಿನ ಆಸ್ಪತ್ರೆ, ಉಸ್ಮಾನಿಯಾ ವೈದ್ಯಕೀಯ ಕಾಲೇಜು, ಆರೋಗ್ಯ ಇಲಾಖೆಯ ಕಛೇರಿಗಳು, ಇಂದ್ರಬಾಗಿನ ಸಗಟು ಔಷಧದ ಅಂಗಡಿಗಳು ಎಲ್ಲವೂ ಅರ್ಧ ಗಂಟೆಯ ನಡಿಗೆಯಲ್ಲಿ ಸಿಗುತ್ತವೆ. ರಾಜ್ಯದ ಎಷ್ಟೋ ಊರುಗಳಿಗೆ ಔಷಧ ಹೋಗುವುದು ಇಲ್ಲಿಂದಲೇ. ಇಂಥ ಬಜಾರಿನಲ್ಲಿ ಕಸ ಗುಡಿಸುವ ಹೆಣ್ಣುಮಗಳೊಬ್ಬಳಿಗೆ ದಿನಕ್ಕೊಂದು ಗುಳಿಗೆ ಸಿಗದೆ ಹೋಗುವುದು ಹೇಗೆ?

ಆಕೆ ನಮ್ಮ ಕಛೇರಿಯಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದವರು. ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು. ಹೆಸರು ಬೇಡ. ನಾನು ಕನ್ನಡದವನೆಂದು ತಿಳಿದ ದಿನದಿಂದ ನನ್ನ ಕೋಣೆಯನ್ನು ಕೊನೆಯಲ್ಲಿ ಗುಡಿಸುತ್ತಿದ್ದರು. ಎರಡು ಮಾತಾಡಲು ಸಮಯ ಸಿಗಲಿ ಎಂದು. ಒಮ್ಮೆ ಎಲ್ಲೋ ಬಿಪಿ ಪರೀಕ್ಷಿಸಿ, ಹೆಚ್ಚಿದೆ ಎಂದು ಗುಳಿಗೆ ಬರೆದುಕೊಟ್ಟಿದ್ದರಂತೆ. ಕೆಲವು ತಿಂಗಳ ನಂತರ ನಾನು ಸುಮ್ಮನೆ ವಿಚಾರಿಸಿದೆ. "ಮುಗದಾವ್ರಿ ಸಾಹೇಬ್ರ. ತೆಲಿ ನೋಯಲಿಲ್ಲ, ಅದಕ್ಕ ಬಿಟ್ಟೆ" ಎಂದರು. ಮತ್ತೆ ತರಿಸಿಕೊಳ್ಳಿ ಎಂದೆ. "ಹೋದ್ರ ಒಂದಿನದ ಪಗಾರ ಹೋಗ್ತದ್ರಿ." ಅಷ್ಟಕ್ಕೆ ಮಾತು ಮುಗಿಯಿತು. ನನ್ನ ಮೇಜಿನ ಮೇಲೆ ಕಡತಗಳಿದ್ದವು.

ಮುಂದಿನ ಮಳೆಗಾಲದಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಸರ್ಕಾರಿ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು, ನೋಡಿಕೊಂಡರು, ಹಣ ಕೇಳಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಯನ್ನು ಬೈಯುವುದು ನಮ್ಮಂಥ ಮಧ್ಯಮ ವರ್ಗದವರಿಗೆ ಊಟದ ನಂತರದ ಹವ್ಯಾಸ. ಆದರೆ ಒಂದು ಚಹಾದ ಬೆಲೆಯೂ ಇಲ್ಲದ ಗುಳಿಗೆ ತಪ್ಪಿದ್ದರಿಂದ ಬಂದ ಕಾಯಿಲೆಗೆ ಹಾಸಿಗೆ, ಸ್ಕ್ಯಾನು, ವಾರಗಟ್ಟಲೆ ಆರೈಕೆ ಎಲ್ಲವೂ ದೊರೆತವು. ಗುಳಿಗೆ ಮಾತ್ರ ಸಮಯಕ್ಕೆ ದೊರೆತಿರಲಿಲ್ಲ.

ನಮ್ಮ ವ್ಯವಸ್ಥೆಯ ವಿಚಿತ್ರ ಇಲ್ಲಿದೆ. 2007ರಲ್ಲಿ ಅವಿಭಜಿತ ಆಂಧ್ರಪ್ರದೇಶದಲ್ಲಿ ಆರೋಗ್ಯಶ್ರೀ ಬಂತು. ಕರ್ನಾಟಕದಲ್ಲಿ 2003ರಲ್ಲಿ ಸಹಕಾರಿ ರೈತರಿಗಾಗಿ ಯಶಸ್ವಿನಿ, 2010ರಲ್ಲಿ ಗುಲಬರ್ಗಾ ವಿಭಾಗದಿಂದಲೇ ಆರಂಭಿಸಿ ವಾಜಪೇಯಿ ಆರೋಗ್ಯಶ್ರೀ ಬಂದವು. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ವಿಮೆ ಬಂತು. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿ. ಇವುಗಳಿಂದ ಲಕ್ಷಾಂತರ ಜನ ಬದುಕಿದ್ದಾರೆ. ಆದರೆ ಇವೆಲ್ಲ ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗಾಗಿ ಇರುವಂಥವು. ಮಲಗಿದವನಿಗೆ ವಿಮೆಯುಂಟು, ನಡೆದಾಡುವ ರೋಗಿಗೆ ಇಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಾದರೋ ವರ್ಷಾನುಗಟ್ಟಲೆ ಮನುಷ್ಯನ ಜೊತೆ ನಡೆದಾಡುವಂಥವು. ಬಡವನ ಜೇಬಿನಿಂದ ದುಡ್ಡು ಸೋರುವುದು ಹೊರರೋಗಿಯ ಚೀಟಿಯಲ್ಲಿ, ಔಷಧದ ಅಂಗಡಿಯಲ್ಲಿ, ತಪ್ಪಿದ ಒಂದು ದಿನದ ಕೂಲಿಯಲ್ಲಿ.

ನನ್ನ ಮಾತು ಬೇರೆ. 1954ರಲ್ಲಿ ದೆಹಲಿಯಲ್ಲಿ ಆರಂಭವಾದ ಸಿ.ಜಿ.ಎಚ್.ಎಸ್. ಯೋಜನೆಯ ಕಾರ್ಡು ನನ್ನ ಬಳಿ ಇದೆ. ನನಗೂ ಬಿಪಿ ಇದೆ. ಗುಳಿಗೆ ತಪ್ಪಿಲ್ಲ. ಆಕೆಗೂ ಒಂದು ಕಾರ್ಡು ಇರಬೇಕಿತ್ತು. ಆಗ ಜಾರಿಯಲ್ಲಿದ್ದ 1948ರ ಇ.ಎಸ್.ಐ. ಕಾಯ್ದೆಯ ಪ್ರಕಾರ, ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಪಡೆಯುವವರಿಗೆ ಹೊರರೋಗಿ ಚಿಕಿತ್ಸೆಯೂ ಔಷಧವೂ ಸಿಗುತ್ತಿದ್ದವು. ಆಕೆಯ ಸಂಬಳದಲ್ಲಿ ಅದಕ್ಕೆಂದು ಹಣ ಮುರಿಯುತ್ತಿದ್ದರು. ಗುತ್ತಿಗೆದಾರ ಪ್ರತಿ ತಿಂಗಳು ಬಿಲ್ಲಿನ ಜೊತೆ ಇ.ಎಸ್.ಐ. ಕಟ್ಟಿದ ಚಲನ್ ಲಗತ್ತಿಸುತ್ತಿದ್ದ. ಚಲನ್ ಇದೆಯೇ ಎಂದು ನಾನು ನೋಡುತ್ತಿದ್ದೆ, ಸಹಿ ಹಾಕುತ್ತಿದ್ದೆ. ಅದರ ಹಿಂದಿನ ಪಟ್ಟಿಯಲ್ಲಿ ಆಕೆಯ ಹೆಸರಿದೆಯೇ ಎಂದು ಒಮ್ಮೆಯೂ ನೋಡಲಿಲ್ಲ. ಇರಲಿಲ್ಲ. ಆಕೆ ಬಿದ್ದ ಮೇಲೆ ತೆರೆದು ನೋಡಿದೆ. ಗುತ್ತಿಗೆದಾರನಿಗೆ ನೋಟಿಸು ಹೋಯಿತು, ಉತ್ತರ ಬಂತು, ಬಾಕಿ ವಸೂಲಿಯ ಕಡತ ನಡೆಯಿತು. ಅದನ್ನೆಲ್ಲ ವಿವರಿಸಿ ನಿಮ್ಮ ಸಮಯ ಹಾಳುಮಾಡುವುದಿಲ್ಲ. ಸಹಿ ನನ್ನದಾಗಿತ್ತು ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಆಕೆಯ ಮಗ ಒಂದು ವಿಳಾಸ ಹುಡುಕಿಕೊಂಡು ಬಂದ. ಈ ಬಜಾರಿನ ಹಿಂದಿನ ಓಣಿಯೊಂದರಲ್ಲಿ ಕೆಲವು ವ್ಯಾಪಾರಿಗಳು ಸೇರಿ ನಡೆಸುವ ಒಂದು ಧರ್ಮಾರ್ಥ ದವಾಖಾನೆ. ಫಲಕ ಚಿಕ್ಕದು, ನಡೆಸುವವರಿಗೆ ಹೆಸರಿನ ಹಂಬಲವಿಲ್ಲವಾದ್ದರಿಂದ ನಾನೂ ಹೆಸರು ಹೇಳುವುದಿಲ್ಲ. ಸಂಜೆ ಅಂಗಡಿಗಳಿಂದ ಜನ ಬಿಡುವಾಗುವ ಹೊತ್ತಿಗೆ ತೆರೆಯುತ್ತದೆ. ನಿವೃತ್ತ ವೈದ್ಯರೊಬ್ಬರು, ಒಬ್ಬ ಕಾಂಪೌಂಡರು, ಒಂದು ಬೆಂಚು, ಒಂದು ಕಪಾಟು. ನಾನು ಆಕೆಯನ್ನು ಕರೆದುಕೊಂಡು ಹೋದ ದಿನ ಗಮನಿಸಿದ್ದು ಕಪಾಟನ್ನಲ್ಲ, ಉದ್ದನೆಯ ಲೆಕ್ಕದ ಪುಸ್ತಕದಂಥ ಒಂದು ನೋಟುಬುಕ್ಕನ್ನು. ಅದರಲ್ಲಿ ಪ್ರತಿ ರೋಗಿಗೆ ಒಂದು ಪುಟ. ಗುಳಿಗೆ ಮುಗಿಯುವ ತಾರೀಖು ಕೆಂಪು ಶಾಯಿಯಲ್ಲಿ. ಆ ದಿನ ಬರದವರಿಗೆ ಮರುದಿನ ಕಾಂಪೌಂಡರು ಫೋನು ಮಾಡುತ್ತಾರೆ, ಫೋನಿಲ್ಲದವರಿಗೆ ಪಕ್ಕದ ಅಂಗಡಿಯವರ ಮೂಲಕ ಹೇಳಿ ಕಳಿಸುತ್ತಾರೆ. ಮೂವತ್ತು ವರ್ಷ ಕಡತ ನೋಡಿದವನಿಗೆ ಇಷ್ಟು ಜೀವಂತವಾದ ದಾಖಲೆ ಕಂಡಿರಲಿಲ್ಲ.

ಉಚಿತ ಔಷಧವೇ ಇಂಥ ದವಾಖಾನೆಗಳ ಸಾರ ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಔಷಧ ಸರ್ಕಾರಿ ಆಸ್ಪತ್ರೆಯಲ್ಲೂ ಉಚಿತವೇ. ರೋಗಿ ಮರಳಿ ಬರುವಂತೆ ನೋಡಿಕೊಳ್ಳುವುದು ಇವರ ನಿಜವಾದ ಕೆಲಸ. ಇದಕ್ಕೆ ಈ ಊರಿನಲ್ಲೇ ಒಂದು ದೊಡ್ಡ ನಿದರ್ಶನವಿದೆ. ಎ.ಸಿ. ಗಾರ್ಡ್ಸಿನಲ್ಲಿರುವ ಮಹಾವೀರ ಆಸ್ಪತ್ರೆ ಲಾಭದಾಸೆಯಿಲ್ಲದ ಒಂದು ಟ್ರಸ್ಟಿನದು. 1995ರಲ್ಲಿ ಡಾ. ಕೆ.ಜೆ.ಆರ್. ಮೂರ್ತಿಯವರ ನೇತೃತ್ವದಲ್ಲಿ ಅಲ್ಲಿ ಕ್ಷಯರೋಗ ಚಿಕಿತ್ಸೆಯ ಒಂದು ಪ್ರಯೋಗ ಆರಂಭವಾಯಿತು. ಬಡವರು ಮೊದಲು ಹೋಗುವುದು ಗಲ್ಲಿಯ ಖಾಸಗಿ ಡಾಕ್ಟರ ಬಳಿಗೆ ಎಂಬುದನ್ನು ಅವರು ಒಪ್ಪಿಕೊಂಡರು. ಆ ಡಾಕ್ಟರುಗಳು ಶಂಕಿತ ರೋಗಿಯನ್ನು ಮಹಾವೀರಕ್ಕೆ ಕಳಿಸುವುದು, ಕಫ ಪರೀಕ್ಷೆ ಅಲ್ಲಿ ಆಗುವುದು, ಔಷಧ ಸರ್ಕಾರ ಕೊಡುವುದು, ಗುಳಿಗೆಯನ್ನು ಮಾತ್ರ ರೋಗಿ ತನ್ನ ಮನೆಯ ಹತ್ತಿರದ ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಕಣ್ಣೆದುರು ನುಂಗುವುದು - ಹೀಗೆ ಕೆಲಸ ಹಂಚಿಕೊಂಡರು. ಬೆಳಿಗ್ಗೆ ಬೇಗ, ರಾತ್ರಿ ತಡವಾಗಿ, ಕೂಲಿ ತಪ್ಪದ ಹೊತ್ತಿನಲ್ಲಿ. ಮುಂದೆ ಈ ವ್ಯವಸ್ಥೆ ಸುಮಾರು ಐದು ಲಕ್ಷ ಜನಸಂಖ್ಯೆಯ ಪ್ರದೇಶಕ್ಕೆ ಹರಡಿತು. ಸರ್ಕಾರ ಮತ್ತು ಖಾಸಗಿಯವರು ಕ್ಷಯದ ವಿರುದ್ಧ ಕೂಡಿ ದುಡಿಯಬಹುದೆಂಬುದಕ್ಕೆ ಹೊರದೇಶಗಳಲ್ಲೂ ಇದನ್ನು ಉದಾಹರಿಸಿದರು.

ನಮ್ಮ ನಾಡಿನ ಅನುಭವವೂ ಇದಕ್ಕೆ ದೂರವಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು. ಅವರು 1986ರಲ್ಲಿ ಕಟ್ಟಿದ ಕರುಣಾ ಟ್ರಸ್ಟು ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ಕೆಲಸದಿಂದ ಆರಂಭಿಸಿ, 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ನಡೆಸಲು ವಹಿಸಿಕೊಂಡಿತು. ದಾನದ ದವಾಖಾನೆ ಸರ್ಕಾರದ ಬದಲಿಗೆ ನಿಲ್ಲದೆ, ಸರ್ಕಾರದ ಕೇಂದ್ರವೇ ಜನರ ಪಾಲಿಗೆ ತೆರೆದಿರುವಂತೆ ಮಾಡಿದ ರೀತಿ ಅದು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಆರೋಗ್ಯ ಪ್ರಜೆಯ ಹಕ್ಕು, ವ್ಯಾಪಾರಿಗಳ ದಾನವಲ್ಲ. ದಾನದ ದವಾಖಾನೆಗಳು ಪ್ರಭುತ್ವದ ಹೊಣೆಗೇಡಿತನಕ್ಕೆ ಪರದೆಯಾಗುತ್ತವೆ ಎಂದು. ಒಪ್ಪುತ್ತೇನೆ. ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬ ತತ್ವವನ್ನು ಭೋರ್ ಸಮಿತಿ 1946ರಲ್ಲೇ ಮುಂದಿಟ್ಟಿತ್ತು. ತೆಲಂಗಾಣ ಸರ್ಕಾರ 2018ರಲ್ಲಿ ಈ ನಗರದಲ್ಲಿ ಬಸ್ತಿ ದವಾಖಾನೆಗಳನ್ನು ತೆರೆಯಲಾರಂಭಿಸಿತು. ಕರ್ನಾಟಕದಲ್ಲಿ 2022ರ ಡಿಸೆಂಬರಿನಲ್ಲಿ ನಮ್ಮ ಕ್ಲಿನಿಕ್‌ಗಳು ಬಂದವು. ಎರಡೂ ಸರಿಯಾದ ದಿಕ್ಕಿನ ಹೆಜ್ಜೆಗಳು. (ಬಸ್ತಿ ದವಾಖಾನೆ ಎಂಬ ಹೆಸರೇ ನನಗೆ ಇಷ್ಟ. ಬೀದರ್, ರಾಯಚೂರಿನ ನಮ್ಮ ಜನ ಇವತ್ತಿಗೂ ಆಸ್ಪತ್ರೆ ಎನ್ನುವುದಿಲ್ಲ, ದವಾಖಾನಿ ಎನ್ನುತ್ತಾರೆ.) ಆದರೆ ಅವು ನಡೆಯುವುದು ಹಗಲಿನಲ್ಲಿ. ಹಗಲು ಕೂಲಿಯ ಹೊತ್ತು. ಹಕ್ಕು ಪೂರ್ಣವಾಗಿ ಕೈಗೂಡುವವರೆಗೆ ಗುಳಿಗೆ ಕಾಯುವುದಿಲ್ಲ.

ಈಗ ನಮ್ಮ ವಿಷಯ. 1956ರ ನವೆಂಬರ್ 1ರಂದು ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ಕನ್ನಡ ನಾಡನ್ನು ಸೇರಿದವು. ಆಡಳಿತದ ನಕ್ಷೆ ಬದಲಾಯಿತು, ಕಾಯಿಲೆಯ ದಾರಿ ಬದಲಾಗಲಿಲ್ಲ. ಆ ಮೂರೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಆದರೂ ಬೀದರಿಗೆ ಹೈದರಾಬಾದು ಸುಮಾರು 140 ಕಿಲೋಮೀಟರು, ಬೆಂಗಳೂರು ಅದರ ನಾಲ್ಕೈದು ಪಟ್ಟು. ಕಾಯಿಲೆ ಬಲಿತಾಗ ಜನ ಇಮ್ಲಿಬನ್ ಬಸ್ ನಿಲ್ದಾಣಕ್ಕೇ ಬಂದಿಳಿಯುತ್ತಾರೆ. ಈ ಬಜಾರಿನ ವ್ಯಾಪಾರಿಗಳು ವರ್ಷಗಟ್ಟಲೆ ಎದುರಿಸಿದ ಮೆಟ್ರೋ ಮಾರ್ಗ 2020ರ ಫೆಬ್ರವರಿಯಲ್ಲಿ ತೆರೆಯಿತಲ್ಲ, ಅದರಲ್ಲಿ ಬಸ್ ನಿಲ್ದಾಣದ ಮುಂದಿನ ತಾಣವೇ ಸುಲ್ತಾನ್ ಬಜಾರ್. ಅದೇ ಗಾಡಿ ಗಾಂಧಿ ಆಸ್ಪತ್ರೆಗೂ ಹೋಗುತ್ತದೆ. ಕಂಕುಳಲ್ಲಿ ಎಕ್ಸ್‌ರೇ ಲಕೋಟೆ ಹಿಡಿದು ನಿಂತವರನ್ನು ನೀವೂ ನೋಡಿದ್ದೀರಿ.

ಅವರ ಕನ್ನಡ ವೈದ್ಯರಿಗೆ ಅರ್ಥವಾಗುವುದಿಲ್ಲ. ಹಲವರಿಗೆ ದಖನಿ ಉರ್ದು ಬರುತ್ತದೆ, ಬಜಾರಿನ ವ್ಯವಹಾರಕ್ಕೆ ಸಾಲುವಷ್ಟು. ನೋವನ್ನು ಹೇಳಲು ಅದು ಸಾಲದು. ನಮ್ಮ ದವಾಖಾನೆಗೆ ರಾಯಚೂರು ಕಡೆಯ ವೃದ್ಧರೊಬ್ಬರು ಬಂದಿದ್ದರು. "ಜೀವ ಗಾಬ್ರಿ ಆಗ್ತದ" ಎಂದರು. ಜೊತೆಗಿದ್ದ ಹುಡುಗ ಅದನ್ನು ಭಯ ಎಂದು ಉರ್ದುವಿನಲ್ಲಿ ಹೇಳಿದ. ವೈದ್ಯರು ಧೈರ್ಯ ಹೇಳಿ ಕಳಿಸುವುದರಲ್ಲಿದ್ದರು. ಎದೆ ಹೊಡೆದುಕೊಂಡು ಉಸಿರು ಸಿಕ್ಕಿಬೀಳುವುದಕ್ಕೂ ನಮ್ಮವರು ಹಾಗೆ ಹೇಳುತ್ತಾರೆಂದು ನಾನು ತಿಳಿಸಿದ ಮೇಲೆ ಮತ್ತೆ ಕೂರಿಸಿ ನಾಡಿ ಹಿಡಿದರು, ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಶನಿವಾರ ಸಂಜೆ ನಾನು ಅಲ್ಲಿ ಕುಳಿತುಕೊಳ್ಳುವುದು ಈ ಕೆಲಸಕ್ಕಾಗಿ. ಕನ್ನಡ ಉಳಿಸುವುದರ ಬಗ್ಗೆ ನಾವು ಎಷ್ಟೋ ನಿರ್ಣಯ ಮಾಡಿದ್ದೇವೆ. ಆ ದಿನ ಕನ್ನಡಕ್ಕೆ ಇದ್ದ ಉಪಯೋಗವನ್ನು ಯಾವ ನಿರ್ಣಯದಲ್ಲೂ ನಾನು ಓದಿಲ್ಲ.

ಇನ್ನೊಂದು ಮಾತನ್ನು ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ನಮ್ಮ ಸಂಘ ಪ್ರತಿ ರಾಜ್ಯೋತ್ಸವಕ್ಕೆ ಉಚಿತ ಆರೋಗ್ಯ ಶಿಬಿರ ನಡೆಸುತ್ತದೆ. ಶಾಮಿಯಾನ, ಬ್ಯಾನರು, ಅತಿಥಿಗಳಿಗೆ ಶಾಲು. ನೂರಾರು ಜನರ ಬಿಪಿ, ಸಕ್ಕರೆ ಪರೀಕ್ಷಿಸಿ ಕೈಗೊಂದು ಕಾಗದ ಕೊಡುತ್ತೇವೆ. ಎರಡನೆಯ ದಿನ ಅವರು ಎಲ್ಲಿಗೆ ಹೋಗಬೇಕು? ನಮ್ಮ ಬಳಿ ನೋಟುಬುಕ್ಕಿಲ್ಲ. ಭಾಲ್ಕಿಯ ಆ ಹೆಣ್ಣುಮಗಳಿಗೆ ಮೊದಲ ಸಲ ಬಿಪಿ ಇದೆ ಎಂದು ತಿಳಿದದ್ದು ಎಲ್ಲಿ ಎಂದು ನಾನು ಇತ್ತೀಚೆಗೆ ಕೇಳಿದೆ. "ನಿಮ್ಮ ಸಂಘದಾಗ ಶಾಮಿಯಾನ ಹಾಕಿದ್ರಲ್ರೀ" ಎಂದರು.

ಶಿಬಿರದ ಖರ್ಚಿನ ಲೆಕ್ಕ ಖಜಾಂಚಿಗಳ ಬಳಿ ಇದೆ. ಶಾಮಿಯಾನದ ಹಣವನ್ನು ಆ ಓಣಿಯ ದವಾಖಾನೆಯ ಔಷಧಕ್ಕೂ ಕಾಂಪೌಂಡರ ಸಂಬಳಕ್ಕೂ ಕೊಡಬಹುದೇ ಎಂದು ಕಾರ್ಯಕಾರಿ ಸಮಿತಿ ಯೋಚಿಸಲಿ. ದಾನಿಗಳಿಗೆ ಯಂತ್ರ ಕೊಡಿಸುವುದು ಇಷ್ಟ, ಯಂತ್ರದ ಮೇಲೆ ಹೆಸರು ಬರೆಸಬಹುದು. ಸಂಬಳದ ಮೇಲೆ ಬರೆಸಲಾಗುವುದಿಲ್ಲ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ದುಡಿಯುವವರ ಹೆಸರು ಇ.ಎಸ್.ಐ. ಪಟ್ಟಿಯಲ್ಲಿ ಬರಬೇಕಾದ್ದಿದ್ದರೆ ಬಂದಿದೆಯೇ ಎಂದು ನಾಳೆಯೇ ನೋಡಿ. ನಾನು ತಡವಾಗಿ ನೋಡಿದವನು.

ಆಕೆ ಈಗ ಕೋಲು ಹಿಡಿದು ನಡೆಯುತ್ತಾರೆ. ತಾರೀಖು ತಪ್ಪಿಸಿಲ್ಲ. ಶನಿವಾರ ನಾನಿರುತ್ತೇನೆ. ಬುಧವಾರದ ಸಂಜೆಗೆ ಅಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲ. ಎರಡು ಗಂಟೆಯ ಕೆಲಸ, ಕುಳಿತುಕೊಳ್ಳಲು ಬೆಂಚಿದೆ. ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿರುತ್ತೇನೆ, ಬರುವವರು ಹೆಸರು ಕೊಡಿ.