ಗೊಂಬೆಗಳು ಮಲಗುವ ಹೊತ್ತು

ವಿಜಯದಶಮಿಯ ರಾತ್ರಿ ನಮ್ಮ ಮನೆಯಲ್ಲಿ ಪಟ್ಟದ ಗೊಂಬೆಗಳನ್ನು ಮಲಗಿಸುತ್ತೇವೆ. ಮಾರನೆಯ ದಿನ ಅಟ್ಟದಿಂದ ಟ್ರಂಕು ಕೆಳಗಿಳಿಯುತ್ತದೆ. ರಾಜ, ರಾಣಿ, ಅಕ್ಕಿ ಬೇಳೆ ಹರಡಿಕೊಂಡು ಕೂತ ಶೆಟ್ಟಿ ದಂಪತಿ, ಕತ್ತು ಆಡಿಸುವ ತಂಜಾವೂರು ಗೊಂಬೆ, ಒಂದೊಂದನ್ನೂ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ನಡುನಡುವೆ ಒಣಗಿದ ಬೇವಿನ ಸೊಪ್ಪು ಉದುರಿಸಿ ಇಡಬೇಕು. ಗೊಂಬೆ ಕೂರಿಸುವಾಗ ಮನೆ ತುಂಬ ಜನ. ಎತ್ತಿಡುವಾಗ ಅಜ್ಜಿ ಒಬ್ಬಳೇ. ಮೈಸೂರು ಸೀಮೆಯಲ್ಲಿ ಗೊಂಬೆ ಕೂರಿಸುವ ಯಾವ ಮನೆಯನ್ನು ಕೇಳಿದರೂ ಇದೇ ಮಾತು.

ಈ ಸಲ ನನಗೊಬ್ಬ ಸಹಾಯಕ ಸಿಕ್ಕಿದ. ನಾಲ್ಕು ವರ್ಷದ ಮೊಮ್ಮಗ. ಅವನ ಹುಟ್ಟುಹಬ್ಬ ನವರಾತ್ರಿಯ ನಡುವೆಯೇ ಬಂದಿತ್ತು. ಹಾಗಾಗಿ ನಡುಮನೆಯಲ್ಲಿ ಈ ಗೋಡೆಗೆ ನನ್ನ ಒಂಬತ್ತು ಮೆಟ್ಟಿಲು, ಆ ಗೋಡೆಗೆ ಅವನ ಉಡುಗೊರೆಗಳ ಗುಡ್ಡೆ. ರಿಮೋಟ್ ಕಾರುಗಳೇ ಮೂರು, ಮೂರೂ ಕೆಂಪು. ಸೈರನ್ ಹೊಡೆಯುವ ಪೊಲೀಸ್ ಜೀಪು, ಅಡುಗೆ ಸೆಟ್ಟು, ಡೈನೋಸಾರು, ಬಿಲ್ಲು ಬಾಣ. ಹುಡುಗ ಎಲ್ಲವನ್ನೂ ಒಂದೇ ಸಂಜೆ ಬಿಚ್ಚಿದ್ದ. ಆಮೇಲೆ ಎರಡು ದಿನ ಆಡಿದ್ದು ಮಾತ್ರ ಅಡುಗೆ ಸೆಟ್ಟು ಬಂದಿದ್ದ ರಟ್ಟಿನ ಡಬ್ಬದ ಜೊತೆ. ಅದರೊಳಗೆ ಕೂತು ಬಸ್ಸು ಓಡಿಸುತ್ತಿದ್ದ. ನನ್ನ ಸೊಸೆಗೆ ಬೇಜಾರು: "ಇಷ್ಟೆಲ್ಲಾ ಇದ್ದೂ ಬೋರು ಅಂತಾನಲ್ಲ ಅತ್ತೆ!"

ಇದ್ದೂ ಅಲ್ಲ, ಇಷ್ಟೆಲ್ಲಾ ಇರೋದರಿಂದಲೇ ಅಂತ ಆಗ ನನ್ನ ಬಾಯಿಗೆ ಬರಲಿಲ್ಲ. ಅದು ಹೊಳೆದದ್ದು ಟ್ರಂಕಿನ ಮುಂದೆ ಕೂತಾಗ. ಬಟ್ಟೆ ಸುತ್ತಿದ ರಾಣಿಯನ್ನು ನೋಡಿ ಮೊಮ್ಮಗ ಕೇಳಿದ: "ಅಜ್ಜಿ, ಇವು ಯಾವಾಗ ಏಳ್ತವೆ?" ಮುಂದಿನ ದಸರಾಕ್ಕೆ ಅಂದೆ. ರಾಣಿಯ ಮುಖದ ಮೇಲಿನ ಬಟ್ಟೆಯನ್ನು ಇನ್ನೊಂದು ಸಲ ಸರಿಸಿ ನೋಡಿ, ತಾನೇ ಮುಚ್ಚಿದ. ಈ ರಾಣಿ ನನ್ನ ಮದುವೆಯಲ್ಲಿ ತೌರಿನಿಂದ ಬಂದವಳು. ಇಷ್ಟು ವರ್ಷವಾದರೂ ಪ್ರತಿ ಸಲ ಪಂಚೆ ಬಿಚ್ಚುವಾಗ ನನ್ನ ಎದೆ ಸ್ವಲ್ಪ ಜೋರಾಗಿಯೇ ಹೊಡೆದುಕೊಳ್ಳುತ್ತದೆ. ವರ್ಷವಿಡೀ ಷೋಕೇಸಿನಲ್ಲಿ ನಿಂತಿದ್ದರೆ ಅವಳ ಮೇಲಿನ ಧೂಳು ಒರೆಸುತ್ತಿದ್ದೆ, ಅಷ್ಟೇ.

ಅಮೆರಿಕದ ಓಹಾಯೊದಲ್ಲಿ ಟೊಲಿಡೊ ವಿಶ್ವವಿದ್ಯಾಲಯದವರು ಆಟಿಕೆ ಹೆಚ್ಚಾದರೆ ಏನಾಗುತ್ತದೆ ಅನ್ನುವುದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2018ರಲ್ಲಿ ಅದು ಪ್ರಕಟವಾಯಿತು. ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳು. ಒಮ್ಮೆ ಕೋಣೆಯಲ್ಲಿ 4 ಆಟಿಕೆ, ಇನ್ನೊಮ್ಮೆ 16. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಯೂ ಹೆಚ್ಚು ಹೊತ್ತು ಆಡಿದರು, ಅದೇ ಆಟಿಕೆಯಲ್ಲಿ ಹೊಸ ಹೊಸ ಆಟ ಹುಡುಕಿದರು. ಮೂವತ್ತಾರು ಮಕ್ಕಳು ದೊಡ್ಡ ಲೆಕ್ಕವೇನಲ್ಲ, ನಿಜ. ಆದರೆ ನಮ್ಮ ನಡುಮನೆಯನ್ನು ನೋಡಿದವರಿಗೆ ಅಷ್ಟು ಸಾಕು.

ಹಾಗೆಂದು ಮಗು ಮಲಗಿದಾಗ ಆಟಿಕೆಗಳನ್ನು ಕದ್ದು ಎತ್ತಿಡುವುದಕ್ಕೆ ಹೋಗಬೇಡಿ. ನಾನು ಹೋದ ವರ್ಷ ಆ ತಪ್ಪು ಮಾಡಿದ್ದೇನೆ. ಒಂದು ಚಕ್ರ ಮುರಿದ ಬಸ್ಸನ್ನು, ಇನ್ನೇನು ಪ್ರಯೋಜನ ಅಂತ ಕಸದ ಗಾಡಿಗೆ ಹಾಕಿದೆ. ಹುಡುಗ ಮೂರು ದಿನ ಅದನ್ನೇ ಕೇಳಿದ. ಹೊಸ ಬಸ್ಸು ತಂದುಕೊಟ್ಟರೆ ಮುಟ್ಟಲಿಲ್ಲ. ಮೂರು ಚಕ್ರದಲ್ಲಿ ಅದು ಒಂದು ಕಡೆಗೆ ವಾಲಿ ಓಡುತ್ತಿತ್ತಂತೆ, ಅವನಿಗೆ ಬೇಕಾದದ್ದೇ ಆ ವಾಲುವುದು!

ಈ ಸಲ ಅವನನ್ನೇ ಕೇಳಿದೆ: "ನಿನ್ನ ಗೊಂಬೆಗಳಲ್ಲಿ ಯಾರಿಗೆ ನಿದ್ದೆ ಬಂದಿದೆ?" ಬಹಳ ಯೋಚಿಸಿ ಎರಡು ಕೆಂಪು ಕಾರು, ಬಿಲ್ಲು ಬಾಣ, ಅರ್ಧ ಡೈನೋಸಾರು ಪರಿವಾರ ತಂದ. ಪಂಚೆಯ ತುಂಡುಗಳು ಸಾಲದೆ ನನ್ನ ಹಳೇ ಸೀರೆಯೊಂದನ್ನು ಹರಿಯಬೇಕಾಯಿತು. ಅವನ್ನು ದಸರಾವರೆಗೆ ಕಾಯಿಸುವುದಿಲ್ಲ. ಸಂಕ್ರಾಂತಿಗೆ ಏಳುತ್ತವೆ, ಆಗ ಬೇರೆಯವು ಮಲಗುತ್ತವೆ. ಉಳಿದ ಇನ್ನೊಂದು ಕೆಂಪು ಕಾರು? ಅದು ಡಬ್ಬ ಸಮೇತ ಅಂಗನವಾಡಿಗೆ ಹೋಯಿತು, ಅವನೇ ಕೊಟ್ಟ. ಕೊಡುವುದಾದರೆ ಹೊಸದನ್ನೇ ಕೊಡಿ. ಕಣ್ಣು ಕಿತ್ತ ಗೊಂಬೆ, ಸೆಲ್ ಮುಚ್ಚಳವಿಲ್ಲದ ಕಾರು ಕೊಟ್ಟು ದಾನ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಈ ಸೆಲ್‌ಗಳ ವಿಷಯ ಸ್ವಲ್ಪ ಬಿಗಿಯಾಗಿಯೇ ಹೇಳಬೇಕು. ಹಾಡುವ, ಮಿನುಗುವ ಆಟಿಕೆಗಳಲ್ಲಿ ಗುಂಡಿಯ ಹಾಗೆ ಇರುವ ಚಪ್ಪಟೆ ಸೆಲ್ ಇರುತ್ತದೆ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಆಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಯಾರು ಪ್ರೀತಿಯಿಂದ ಕೊಟ್ಟಿದ್ದರೂ ಅದು ಮಗುವಿನ ಕೈಗೆ ಹೋಗಬಾರದು. 2021ರ ಜನವರಿಯಿಂದ ನಮ್ಮಲ್ಲಿ ಮಾರುವ ಆಟಿಕೆಗಳ ಮೇಲೆ ಐಎಸ್‌ಐ ಗುರುತು ಇರಲೇಬೇಕು, ಜಾತ್ರೆಯಲ್ಲಿ ಕೊಂಡರೂ ಒಮ್ಮೆ ತಿರುಗಿಸಿ ನೋಡಿ. ಚನ್ನಪಟ್ಟಣದ ಗೊಂಬೆಯಂಥ ಕರಕುಶಲ ಸಾಮಾನಿಗೆ ಇದರಲ್ಲಿ ವಿನಾಯಿತಿ ಇದೆ. ಅಲ್ಲಿ ಹಾಲೆ ಮರವನ್ನು ತಿರುಗಣೆಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಬಣ್ಣ ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೊಮ್ಮಗನ ಅಪ್ಪ ಆಡಿದ ಚನ್ನಪಟ್ಟಣದ ಬುಗುರಿ ಅದೇ ಟ್ರಂಕಿನ ತಳದಲ್ಲಿ ಸಿಕ್ಕಿತು, ಹಳದಿ ಬಣ್ಣ ಹಾಗೇ ಇದೆ. ಅದಕ್ಕೆ ನಿದ್ದೆ ಮುಗಿದಿದೆ ಅಂತ ಹುಡುಗ ತೀರ್ಮಾನಿಸಿ ಎತ್ತಿಕೊಂಡು ಹೋದ.

ಟ್ರಂಕು ಮುಚ್ಚುವ ಮುಂಚೆ ಅವನು ಇನ್ನೊಮ್ಮೆ ಬಂದ. ಕೈಯಲ್ಲಿ ಪೊಲೀಸ್ ಜೀಪು. ರಾಣಿ ಪಕ್ಕದಲ್ಲಿ ಮಲಗಿಸು, ಕಾವಲಿಗೆ ಅಂದ. ಮಲಗಿಸಿದ್ದೇನೆ. ಸೆಲ್ ಮಾತ್ರ ಬಿಚ್ಚಿಟ್ಟಿದ್ದೇನೆ, ಒಳಗಿದ್ದರೆ ಸೋರಿ ಜೀಪು ಹಾಳಾಗುತ್ತದೆ.