ಹುಡುಕಿದರೂ ಕಾಣದ ಹೋಂಸ್ಟೇ

ಈ ಸರಣಿಗೆ ಬರುವ ಪತ್ರಗಳಲ್ಲಿ ಒಂದೇ ಅಳಲು ಮತ್ತೆ ಮತ್ತೆ ಕಾಣುತ್ತಿದೆ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ, ಗೋಕರ್ಣ, ಎಲ್ಲ ಕಡೆಯಿಂದಲೂ ಅದೇ. “ಮೊದಲು ಆ್ಯಪ್ ತೆರೆದರೆ ನಮ್ಮ ಹೋಂಸ್ಟೇ ಮೇಲೆಯೇ ಇರುತ್ತಿತ್ತು. ಈಗ ಎಷ್ಟು ಕೆಳಗೆ ಹೋದರೂ ಸಿಗುವುದಿಲ್ಲ. ರೇಟಿಂಗ್ ಚೆನ್ನಾಗಿದೆ, ಬಂದವರು ಖುಷಿಯಿಂದ ಹೋಗಿದ್ದಾರೆ. ನಮ್ಮನ್ನು ಯಾಕೆ ಕೆಳಗೆ ತಳ್ಳಿದರು?” ಲಿಸ್ಟಿಂಗ್ ಹಾಕುವುದು ಹೇಗೆ, ಫೋಟೊ ಹೇಗಿರಬೇಕು ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ನೇರ ಪ್ರಶ್ನೆಗೇ ಬರುತ್ತೇನೆ.

ನಿಮ್ಮ ಸಿಟ್ಟಿಗೆ ಕಾರಣವಿದೆ, ಅದನ್ನು ಮೊದಲು ಹೇಳಿಬಿಡಬೇಕು. ಮನೆ ಬುಕ್ ಮಾಡುವ ಆ್ಯಪುಗಳಲ್ಲಿ ಹುಡುಕಾಟದ ರೀತಿ ನಿಜಕ್ಕೂ ಬದಲಾಗಿದೆ. ಏರ್‌ಬಿಎನ್‌ಬಿಯನ್ನೇ ನೋಡಿ. 2022ರ ಮೇ ತಿಂಗಳಲ್ಲಿ ಊರಿನ ಹೆಸರು ಹಾಕದೆಯೇ ಕಡಲತೀರ, ತೋಟ, ಈಜುಕೊಳ ಎಂದು ಬಗೆಬಗೆಯಾಗಿ ಹುಡುಕುವ ವಿಭಾಗಗಳನ್ನು ತಂದರು. 2023ರ ನವೆಂಬರಿನಲ್ಲಿ ಅತಿಥಿಗಳು ಮೆಚ್ಚಿದ ಮನೆಗಳಿಗೆ ‘ಗೆಸ್ಟ್ ಫೇವರಿಟ್’ ಎಂಬ ಗುರುತು ಬಂತು. 2025ರ ಏಪ್ರಿಲಿನಿಂದ ಜಗತ್ತಿನಾದ್ಯಂತ ಶುಚಿತ್ವದ ಶುಲ್ಕವೂ ಸೇರಿದ ಒಟ್ಟು ದರವನ್ನೇ ಮೊದಲು ತೋರಿಸತೊಡಗಿದರು. ಇಂಥ ಪ್ರತಿ ಬದಲಾವಣೆಯೂ ಯಾರದೋ ಮನೆಯ ಸಂಪಾದನೆಯನ್ನು ಮುಟ್ಟುತ್ತದೆ. ತೋಟದ ಬೆಲೆ ಬಿದ್ದ ವರ್ಷ ಹೋಂಸ್ಟೇ ದುಡ್ಡಿನಲ್ಲೇ ಮಕ್ಕಳ ಫೀಸು ಕಟ್ಟಿದವರಿದ್ದಾರೆ. ಬುಕಿಂಗ್ ನಿಂತ ಮೇಲಷ್ಟೇ ಅವರಿಗೆ ವಿಷಯ ತಿಳಿಯುವುದು ಅನ್ಯಾಯ.

ಆದರೆ ‘ನಮ್ಮ ಸ್ಥಾನ ಎಷ್ಟನೆಯದು’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಎಲ್ಲರಿಗೂ ಒಂದೇ ಆಗಿರುವ ಪಟ್ಟಿ ಅಲ್ಲಿ ಇರುವುದೇ ಇಲ್ಲ. ಒಬ್ಬರು ತಾರೀಖು, ಜನರ ಸಂಖ್ಯೆ, ಜಾಗ ಹಾಕಿ ಹುಡುಕಿದ ಆ ಗಳಿಗೆಯಲ್ಲಿ, ಅವರೊಬ್ಬರಿಗಾಗಿ ಪಟ್ಟಿ ಹೊಸದಾಗಿ ಹುಟ್ಟುತ್ತದೆ. ಇನ್ನೊಬ್ಬರಿಗೆ ಇನ್ನೊಂದು.

ಅದು ಹುಟ್ಟುವುದು ಎರಡು ಹಂತದಲ್ಲಿ. ಕಾಫಿ ಕ್ಯೂರಿಂಗ್ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಅಲ್ಲಿ ಬೀಜವನ್ನು ಮೊದಲು ಗಾತ್ರದ ಜರಡಿಗೆ ಹಾಕುತ್ತಾರೆ, ಬಣ್ಣ ನೋಡಿ ಆರಿಸುವುದು ಆಮೇಲೆ. ಜರಡಿಯಲ್ಲಿ ಕೆಳಗೆ ಬಿದ್ದ ಬೀಜದ ಬಣ್ಣ ಎಷ್ಟೇ ಚೆನ್ನಾಗಿರಲಿ, ಆ ದರ್ಜೆಯ ಚೀಲಕ್ಕೆ ಅದು ಹೋಗುವುದಿಲ್ಲ. ಆ್ಯಪಿನಲ್ಲೂ ಮೊದಲು ಜರಡಿ. ಆ ತಾರೀಖಿಗೆ ಮನೆ ಖಾಲಿ ಇದೆಯೇ, ಅಷ್ಟು ಜನಕ್ಕೆ ಜಾಗವಿದೆಯೇ, ಅಷ್ಟೇ ರಾತ್ರಿಗಳಿಗೆ ಕೊಡುತ್ತಾರೆಯೇ, ಹುಡುಕುವವರು ನೋಡುತ್ತಿರುವ ನಕ್ಷೆಯೊಳಗೆ ಬರುತ್ತದೆಯೇ. ಇಷ್ಟಕ್ಕೂ ಹೌದು ಎಂದವರು ಮಾತ್ರ ಎರಡನೆಯ ಹಂತಕ್ಕೆ ಹೋಗುತ್ತಾರೆ. ರೇಟಿಂಗ್, ರಿವ್ಯೂ, ಫೋಟೊ, ದರ ಎಲ್ಲವೂ ಲೆಕ್ಕಕ್ಕೆ ಬರುವುದು ಅಲ್ಲಿಯೇ.

ಮೂಡಿಗೆರೆ ಕಡೆಯ ಒಂದು ಮನೆಯಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಆ ಮನೆಯ ಅಕ್ಕ ಅಡುಗೆಮನೆಯಿಂದ ಫೋನು ಹಿಡಿದೇ ಬಂದರು. “ನೋಡಿ ಸರ್, ಈ ಶನಿವಾರ ಇಡೀ ಬೆಂಗಳೂರು ಇಲ್ಲಿಗೆ ಬರ್ತಿದೆ, ನಮ್ಮ ಮನೆ ಮಾತ್ರ ಎಲ್ಲೂ ಕಾಣಲ್ಲ” ಎಂದರು. ಕ್ಯಾಲೆಂಡರ್ ತೆಗೆಸಿದೆ. ಗುರುವಾರ, ಶುಕ್ರವಾರದ ರಾತ್ರಿಗಳಿಗೆ ಒಬ್ಬರು ಬುಕ್ ಮಾಡಿದ್ದರು. ಭಾನುವಾರ, ಸೋಮವಾರಕ್ಕೆ ಇನ್ನೊಬ್ಬರು. ನಡುವೆ ಶನಿವಾರದ ರಾತ್ರಿ ಒಂದೇ ಖಾಲಿ. ಆದರೆ ಆಕೆ ಕನಿಷ್ಠ ಎರಡು ರಾತ್ರಿ ಎಂದು ಹಾಕಿಟ್ಟಿದ್ದರು. ಆ ಶನಿವಾರವನ್ನು ಯಾರೂ ಬುಕ್ ಮಾಡುವಂತೆಯೇ ಇರಲಿಲ್ಲ! ಒಂದೇ ರಾತ್ರಿ ಬೇಕೆಂದವರಿಗೆ ನಿಯಮ ಅಡ್ಡ, ಎರಡು ರಾತ್ರಿ ಬೇಕೆಂದವರಿಗೆ ಮನೆ ಖಾಲಿ ಇಲ್ಲ. ಆ ಒಂದು ದಿನಕ್ಕೆ ಮಾತ್ರ ಕನಿಷ್ಠ ಒಂದು ರಾತ್ರಿ ಎಂದು ತಿದ್ದಿದೆವು. ಅದೇ ತಾರೀಖು ಹಾಕಿ ಹುಡುಕಿದರೆ ಮನೆ ಬಂತು.

ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವು ಎಡವಿದ್ದು ಇಲ್ಲಿಯೇ. ಮನೆ ಕೆಳಗಿರುವುದು ಬೇರೆ, ಪಟ್ಟಿಯಲ್ಲೇ ಇಲ್ಲದಿರುವುದು ಬೇರೆ. ಪಟ್ಟಿಯಲ್ಲೇ ಇಲ್ಲದ ಮನೆಗೆ ಫೋಟೊ ಬದಲಿಸಿ ಫಲವಿಲ್ಲ, ದರ ಇಳಿಸಿ ಫಲವಿಲ್ಲ. ಮೊದಲು ಜರಡಿ ನೋಡಿ. ಆರು ಜನ ಮಲಗುವ ಮನೆಗೆ ನಾಲ್ಕು ಎಂದು ಬರೆದು, ಹೆಚ್ಚು ಜನ ಬಂದರೆ ಫೋನಿನಲ್ಲಿ ಮಾತಾಡಿಕೊಳ್ಳೋಣ ಎಂದುಕೊಂಡವರು ಎಷ್ಟೋ ಮಂದಿ. ಐದು ಜನರ ಕುಟುಂಬ ಹುಡುಕಿದಾಗ ಆ ಮನೆ ಅವರ ಕಣ್ಣಿಗೇ ಬೀಳುವುದಿಲ್ಲ. ಫೋನು ಬರುವುದಾದರೂ ಹೇಗೆ?

ಎರಡನೆಯ ಹಂತದಲ್ಲಿ ಆ್ಯಪಿನ ಹಿಂದಿರುವ ಯಂತ್ರ ಮಾಡುವುದು ಒಂದು ಊಹೆ: ಈ ಅತಿಥಿ ಈ ಮನೆಯನ್ನು ಬುಕ್ ಮಾಡುವ ಸಾಧ್ಯತೆ ಎಷ್ಟು? ಇದು ಗುಟ್ಟೇನಲ್ಲ, ಏರ್‌ಬಿಎನ್‌ಬಿಯ ಎಂಜಿನಿಯರುಗಳೇ 2018ರಿಂದ ಈ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಅತಿಥಿಯ ಕೋರಿಕೆಯನ್ನು ಮನೆಯವರು ತಿರಸ್ಕರಿಸಿದ್ದೂ ಕಲಿಕೆಗೆ ಒಂದು ಸುಳಿವು ಎಂದು ಒಂದರಲ್ಲಿ ಬರೆದಿದ್ದಾರೆ. ಮೇಲಿನ ಸಾಲಿನಲ್ಲಿ ಒಂದೇ ಥರದ ಮನೆಗಳು ತುಂಬದಂತೆ ವೈವಿಧ್ಯ ತರುವ ಬಗೆಯನ್ನು ಇನ್ನೊಂದರಲ್ಲಿ ವಿವರಿಸಿದ್ದಾರೆ. ಅಕ್ಕಪಕ್ಕದ ತೋಟದವರೆಲ್ಲ ಅದೇ ಈಜುಕೊಳ, ಅದೇ ಕ್ಯಾಂಪ್‌ಫೈರ್ ಫೋಟೊ ಹಾಕಿದರೆ ಏನಾಗುತ್ತದೆ ಎಂದು ಯೋಚಿಸಿ. ನಿಮ್ಮ ಮನೆಯ ಹಳೆಯ ತೊಟ್ಟಿ, ನೀವು ಬಡಿಸುವ ಅಕ್ಕಿರೊಟ್ಟಿ ಕಾಣಲಿ.

ಈಗ ಕೆಲವು ನಂಬಿಕೆಗಳು. ಇವುಗಳ ವಿಷಯದಲ್ಲಿ ನನಗೆ ತಾಳ್ಮೆ ಉಳಿದಿಲ್ಲ. ನೆಂಟರಿಷ್ಟರಿಗೆಲ್ಲ ಲಿಂಕ್ ಕಳಿಸಿ ತೆರೆಸಿದರೆ ಮೇಲೆ ಬರುತ್ತದಂತೆ. ಯಂತ್ರಕ್ಕೆ ಬೇಕಾದ್ದು ಬುಕಿಂಗ್. ನೂರು ಜನ ನೋಡಿ ಒಬ್ಬರೂ ಬುಕ್ ಮಾಡಲಿಲ್ಲವೆಂದರೆ ಅದರಿಂದ ನಿಮಗೇನು ಲಾಭ? ಹಳೆಯ ಲಿಸ್ಟಿಂಗ್ ಅಳಿಸಿ ಹೊಸದು ಹಾಕಿದರೆ ಮೇಲೇಳುತ್ತದಂತೆ. ದಯವಿಟ್ಟು ಬೇಡ. ವರ್ಷಗಟ್ಟಲೆ ಅತಿಥಿಗಳು ಬರೆದ ರಿವ್ಯೂಗಳು ಅದರೊಂದಿಗೇ ಹೋಗುತ್ತವೆ. ಇನ್ನು, ಮೊದಲ ಪುಟಕ್ಕೆ ತರುತ್ತೇವೆ ಎಂದು ಫೋನು ಮಾಡಿ ದುಡ್ಡು ಕೇಳುವವರು. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಇರುವಾಗ ಅವರು ತರುವುದು ಯಾರ ಮೊದಲ ಪುಟಕ್ಕೆ? ಒಂದು ಪೈಸೆ ಕೊಡಬೇಡಿ.

ದರದ ಬಗ್ಗೆ ಮಾತಾಡಬೇಕೆಂದು ಇನ್ನಷ್ಟು ಬರೆದುಕೊಂಡಿದ್ದೆ, ಜರಡಿಯೇ ಸಮಯ ತಿಂದಿತು. ಇಷ್ಟು ಹೇಳುತ್ತೇನೆ. ರಾತ್ರಿಗೆ 2,000 ರೂಪಾಯಿ, ಶುಚಿತ್ವಕ್ಕೆ ಬೇರೆ 1,200 ಎಂದು ಇಟ್ಟಿದ್ದರೆ ಒಂದು ರಾತ್ರಿ ಉಳಿಯುವವರಿಗೆ ಕಾಣುವುದು 3,200. ಮೂರು ರಾತ್ರಿ ಉಳಿಯುವವರಿಗೆ ಅದೇ ಮನೆ ರಾತ್ರಿಗೆ 2,400 ಬೀಳುತ್ತದೆ. ನಿಮ್ಮಲ್ಲಿಗೆ ಬರುವವರು ಹೆಚ್ಚಾಗಿ ಒಂದೇ ರಾತ್ರಿಯವರಾದರೆ ಆ ಶುಲ್ಕವನ್ನು ಆದಷ್ಟು ತಗ್ಗಿಸಿ, ಉಳಿದದ್ದನ್ನು ಬಾಡಿಗೆಯಲ್ಲಿ ಸರಿದೂಗಿಸಿ.

ಕಂಪನಿಗಳೂ ಉತ್ತರ ಹೇಳಬೇಕು. ಯಾವ ಮುಖ್ಯ ಅಂಶಗಳನ್ನು ನೋಡಿ ಮಾರಾಟಗಾರರನ್ನು ಮೇಲೆ ಕೆಳಗೆ ಇಡುತ್ತೇವೆ, ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಸರಳ ಭಾಷೆಯಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕೆಂದು 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು ಹೇಳುತ್ತವೆ. ಐರೋಪ್ಯ ಒಕ್ಕೂಟದಲ್ಲೂ ಅದೇ ವರ್ಷದ ಜುಲೈನಿಂದ ಇಂಥ ಕಾನೂನಿದೆ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊ ಮತ್ತು ಓಯೊ ಕಂಪನಿಗಳಿಗೆ ದಂಡ ವಿಧಿಸಿದ ಆದೇಶದ ಹಿಂದೆ ಇದ್ದದ್ದು ಹೋಟೆಲಿನವರ ಸಂಘದ ದೂರು. ಹಾಗಾಗಿ ಒಬ್ಬೊಬ್ಬರೇ ಕರೆ ಮಾಡಿ ಕಾಯುವ ಬದಲು ನಿಮ್ಮ ತಾಲ್ಲೂಕಿನ ಹೋಂಸ್ಟೇ ಸಂಘದ ಮೂಲಕ ಕಂಪನಿಗೆ ಬರೆಯಿರಿ. ‘ನಮ್ಮನ್ನು ತುಳಿದಿರಿ’ ಎಂದು ಬರೆದರೆ ಉತ್ತರ ಬರುವುದಿಲ್ಲ. ಇಂಥ ತಾರೀಖು, ಇಷ್ಟು ಜನ, ಇಷ್ಟು ರಾತ್ರಿ ಹಾಕಿ ಹುಡುಕಿದೆವು, ಮನೆ ಖಾಲಿ ಇದ್ದರೂ ಬರಲಿಲ್ಲ ಎಂದು ಸ್ಕ್ರೀನ್‌ಶಾಟ್ ಸಮೇತ ಬರೆಯಿರಿ. ಹುಡುಕುವಾಗ ನಿಮ್ಮ ಖಾತೆಯಿಂದ ಲಾಗ್‌ಔಟ್ ಆಗಿರಿ, ತಾರೀಖು ಹಾಕದೆ ಹುಡುಕಬೇಡಿ.