ಜೀರ್ಣಾಂಗಗಳ ಕೆಲಸ

ಉಂಡು ಕೈತೊಳೆದೊಡನೆ ಊಟ ಮುಗಿಯಿತೆಂದು ನಾವು ಭಾವಿಸುತ್ತೇವೆ. ಶರೀರದ ಮಟ್ಟಿಗೆ ಅದು ಆಗತಾನೆ ಆರಂಭವಾಗಿರುತ್ತದೆ. ಬಾಯಿಯಿಂದ ಗುದದ್ವಾರದವರೆಗೆ ನಮ್ಮೊಳಗೆ ಹಾದುಹೋಗಿರುವುದು ಒಂದೇ ಉದ್ದನೆಯ ನಾಳ. ಅದರೊಳಗಿರುವ ಆಹಾರವು, ವಿಚಾರಮಾಡಿ ನೋಡಿದರೆ, ಇನ್ನೂ ದೇಹದ ಹೊರಗೇ ಇದೆ. ನಾಳದ ಗೋಡೆಯನ್ನು ದಾಟಿದ ಬಳಿಕವೇ ಅದು ನಮ್ಮದು. ದೊಡ್ಡ ಕಣಗಳು ಆ ಗೋಡೆಯನ್ನು ದಾಟಲಾರವು. ದಾಟುವಷ್ಟು ಸಣ್ಣದಾಗಿ ಅವನ್ನು ಒಡೆಯುವುದೇ ಜೀರ್ಣಕ್ರಿಯೆ.

ಬೀದರ ಜಿಲ್ಲೆಯ ಹಳ್ಳಿಖೇಡ (ಬಿ) ಊರಿನಲ್ಲಿ ರೈತನೊಬ್ಬನು ಜೋಳದ ರೊಟ್ಟಿಯನ್ನು ತೊಗರಿಬೇಳೆಯೊಡನೆ ಉಣ್ಣುತ್ತಿರುವನೆನ್ನೋಣ. ಹಲ್ಲುಗಳು ತುತ್ತನ್ನು ನುರಿಸುತ್ತವೆ. ಜೊಲ್ಲಿನಲ್ಲಿರುವ ಕಿಣ್ವವು ಜೋಳದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗುತ್ತದೆ. ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಇದರಿಂದಲೇ. ನುಂಗಿದ ಮೇಲೆ ನಡೆಯುವುದಾವುದೂ ನಮ್ಮ ಇಚ್ಛೆಯನ್ನು ಕಾಯುವುದಿಲ್ಲ. ಸುಮಾರು ೨೫ ಸೆಂಟಿಮೀಟರು ಉದ್ದದ ಅನ್ನನಾಳವು ಅಲೆಯಲೆಯಾಗಿ ಹಿಂಡುತ್ತ ತುತ್ತನ್ನು ಜಠರಕ್ಕೆ ಇಳಿಸುತ್ತದೆ. ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಸೇರಿ ಬೇಳೆಯ ಪ್ರೋಟೀನನ್ನು ಒಡೆಯಲು ಮೊದಲುಮಾಡುತ್ತವೆ. ಅಂಬಲಿಯಂತಾದ ಆಹಾರವು ಸ್ವಲ್ಪಸ್ವಲ್ಪವಾಗಿ ಸಣ್ಣ ಕರುಳನ್ನು ಸೇರುತ್ತದೆ.

ಮುಖ್ಯವಾದ ಕೆಲಸವೆಲ್ಲ ನಡೆಯುವುದು ಇಲ್ಲಿ. ಯಕೃತ್ತಿನಿಂದ ಬಂದ ಪಿತ್ತರಸವು ಜಿಡ್ಡನ್ನು ಸಣ್ಣ ಸಣ್ಣ ಹನಿಗಳಾಗಿ ಚದರಿಸುತ್ತದೆ. ಮೇದೋಜೀರಕಗ್ರಂಥಿಯ ರಸವು ಜಠರದ ಹುಳಿಯನ್ನು ತಗ್ಗಿಸಿ, ಪಿಷ್ಟ, ಪ್ರೋಟೀನು, ಜಿಡ್ಡು ಮೂರನ್ನೂ ಒಡೆಯುತ್ತದೆ. ಸುಮಾರು ೬ ಮೀಟರು ಉದ್ದದ ಈ ಕರುಳಿನ ಒಳಮೈ ಮಕಮಲ್ಲಿನಂತಿದೆ. ಅಸಂಖ್ಯಾತವಾದ ಸೂಕ್ಷ್ಮ ಅಂಕುರಗಳು ಅಲ್ಲಿ ನಿಂತು ಆಹಾರಸಾರವನ್ನು ಹೀರಿಕೊಳ್ಳುತ್ತವೆ.

ಕರುಳು ಹೀರುವುದು ಸಾರವನ್ನು ಮಾತ್ರವೆ? ಅಲ್ಲ, ನೀರನ್ನೂ ಹೀರುತ್ತದೆ. ದಿನವೊಂದಕ್ಕೆ ಸುಮಾರು ೯ ಲೀಟರು ದ್ರವವು ಸಣ್ಣ ಕರುಳಿಗೆ ಬರುವುದು. ಅದರಲ್ಲಿ ನಾವು ಉಂಡು ಕುಡಿದದ್ದರಿಂದ ಬಂದದ್ದು ಸುಮಾರು ೨ ಲೀಟರು. ಉಳಿದದ್ದು ದೇಹವೇ ಸುರಿಸಿದ ಜೊಲ್ಲು, ಪಿತ್ತ ಮೊದಲಾದ ರಸಗಳು. ಇದರಲ್ಲಿ ಬಹುಭಾಗವನ್ನು ಸಣ್ಣ ಕರುಳೂ ಮಿಕ್ಕುದನ್ನು ದೊಡ್ಡ ಕರುಳೂ ರಕ್ತಕ್ಕೆ ಹಿಂದಿರುಗಿಸುತ್ತವೆ. ಹೊರಗೆ ಹೋಗುವುದು ೧೦೦–೨೦೦ ಮಿಲಿಲೀಟರು ಮಾತ್ರ.

ಈ ಲೆಕ್ಕ ತಪ್ಪಿದಾಗಲೇ ಭೇದಿ. ಕಾಲರಾ ರೋಗದಲ್ಲಿ ಕರುಳು ಉಪ್ಪುನೀರನ್ನು ಸುರಿಸುತ್ತಲೇ ಹೋಗುತ್ತದೆ. ರೋಗಿಯು ನೀರಿಲ್ಲದೆ ಬತ್ತಿ ಕೆಲವು ಗಂಟೆಗಳಲ್ಲಿಯೇ ಸಾಯಬಹುದು. ಕುಡಿಸಿದ ನೀರೆಲ್ಲ ಹೊರಗೇ ಹೋಗುವುದೆಂದು ತಿಳಿದು, ಮಗುವಿಗೆ ನೀರನ್ನೇ ಕೊಡದಿರುವವರುಂಟು. ಇದಕ್ಕಿಂತ ಕೇಡಿನ ಉಪಚಾರ ಬೇರಿಲ್ಲ. ಕರುಳಿನ ಗೋಡೆಯಲ್ಲಿ ಸಕ್ಕರೆಯೂ ಉಪ್ಪಿನ ಸೋಡಿಯಮ್ಮೂ ಜೊತೆಗೂಡಿ ಒಳಸೇರುವ ಒಂದು ಬಾಗಿಲಿದೆ. ಅವು ಹೋದಲ್ಲಿಗೆ ನೀರೂ ಹಿಂಬಾಲಿಸುತ್ತದೆ. ಕಾಲರಾ ಬಂದಾಗಲೂ ಈ ಬಾಗಿಲು ಮುಚ್ಚಿಹೋಗುವುದಿಲ್ಲ.

೧೯೭೧ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ತುಂಬಿದ್ದ ಬೋನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ದ್ರವವು ಸಾಲದೆ ಹೋದಾಗ, ಡಾಕ್ಟರ್ ದಿಲೀಪ್ ಮಹಲನಾಬಿಸರು ಗ್ಲೂಕೋಸ್ ಮತ್ತು ಲವಣಗಳನ್ನು ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಅವರ ಆರೈಕೆಯಲ್ಲಿದ್ದವರ ಮರಣವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು.

ಆ ಔಷಧದ ಪೊಟ್ಟಣಗಳು ಇಂದು ಆರೋಗ್ಯ ಕೇಂದ್ರಗಳಲ್ಲಿಯೂ ಔಷಧದಂಗಡಿಗಳಲ್ಲಿಯೂ ದೊರೆಯುತ್ತವೆ. ದೊರೆಯದಿದ್ದಾಗ, ಕುದಿಸಿ ಆರಿಸಿದ ೧ ಲೀಟರು ನೀರಿಗೆ ಅಂಚು ಸವರಿದ ೬ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬೇಕು. ಅಳತೆ ಮೀರಬಾರದು, ಉಪ್ಪು ಹೆಚ್ಚಾದರೂ ಸಕ್ಕರೆ ಹೆಚ್ಚಾದರೂ ಅಪಾಯವೇ. ಇದನ್ನು ಗುಟುಕುಗುಟುಕಾಗಿ ಕುಡಿಸಬೇಕು. ಎದೆಹಾಲನ್ನಾಗಲಿ ಊಟವನ್ನಾಗಲಿ ನಿಲ್ಲಿಸಕೂಡದು. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾಗಿ ಕುಡಿಯಲಾರದೆ ಹೋದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹಳ್ಳಿಖೇಡವು ಕಬ್ಬಿನ ಸೀಮೆಯ ಊರು. ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದ ಊರು. ಸಕ್ಕರೆಯೂ ಉಪ್ಪೂ ಅಲ್ಲಿಯ ಬಡವನ ಅಡಿಗೆಮನೆಯಲ್ಲಿಯೂ ಇವೆ, ನಮ್ಮ ನಿಮ್ಮ ಮನೆಗಳಲ್ಲಿಯೂ ಇವೆ. ಅವೆರಡನ್ನು ಯಾವ ಅಳತೆಯಲ್ಲಿ, ಏಕೆ ಬೆರೆಸಬೇಕೆಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು.